ಜೀನ್ ಎಕ್ಸ್‌ಪ್ರೆಶನ್‌: ಅಭಿವ್ಯಕ್ತಿಯೋ, ನಕಲೋ?

ಎಲ್ಲರಿಗೂ ನಮಸ್ಕಾರ.

ಹೈಸ್ಕೂಲು ಮಕ್ಕಳಿಗಾಗಿ ಒಂದು ಮೀನಿನ ಬಗ್ಗೆ ಬರೆಯುತ್ತಿದ್ದೇನೆ. 'ಜೀನ್ ಎಕ್ಸ್‌ಪ್ರೆಶನ್' ಎನ್ನುವುದಕ್ಕೆ ಒಂದು ಕನ್ನಡ ಪದ ಸಿಗದೆ ಮೂರು ದಿನದಿಂದ ಅಲ್ಲೇ ನಿಂತಿದ್ದೇನೆ.

ಮೀನಿನ ಹೆಸರು ಟರ್ಕಾಯ್ಸ್ ಕಿಲ್ಲಿಫಿಶ್. ಜಿಂಬಾಬ್ವೆ, ಮೊಜಾಂಬಿಕ್ ಕಡೆ ಮಳೆಗೆ ತುಂಬಿ ಆಮೇಲೆ ಬತ್ತಿಹೋಗುವ ಹೊಂಡಗಳಲ್ಲಿ ಇರುತ್ತದೆ. ಹೊಂಡ ಒಣಗಿದಾಗ ಮೀನು ಸಾಯುತ್ತದೆ, ಮೊಟ್ಟೆಗಳು ಮಣ್ಣಿನೊಳಗೆ ಮುಂದಿನ ಮಳೆಗೆ ಕಾಯುತ್ತವೆ. ಲ್ಯಾಬಿನ ತೊಟ್ಟಿಯಲ್ಲಿ ಸಾಕಿದರೂ ಕೆಲವು ತಳಿಗಳ ಆಯಸ್ಸು 4ರಿಂದ 6 ತಿಂಗಳು ಅಷ್ಟೇ. ಹಾಗಾಗಿ ಮುಪ್ಪಿನ ಅಧ್ಯಯನಕ್ಕೆ ಹೇಳಿ ಮಾಡಿಸಿದ ಜೀವಿ.

ಗಂಡು-ಹೆಣ್ಣು, ಎಳೆಯ-ಮುದಿ ಮೀನುಗಳಲ್ಲಿ ಜೀನ್ ಎಕ್ಸ್‌ಪ್ರೆಶನ್ ಹೇಗೆ ಬದಲಾಗುತ್ತದೆ ಎಂದು ನಾನು ಹೇಳಬೇಕು. 'ವಂಶವಾಹಿಯ ಅಭಿವ್ಯಕ್ತಿ' ಎನ್ನುವುದು ರೂಢಿ. ನನಗೆ ಅದು ಒಗ್ಗುತ್ತಿಲ್ಲ. ಅಭಿವ್ಯಕ್ತಿ ಎಂದ ಕೂಡಲೇ ಕವಿ, ಚಿತ್ರಗಾರ ನೆನಪಾಗುತ್ತಾರೆ. ಇಲ್ಲಿ ಸಾಮಾನ್ಯವಾಗಿ ಎಣಿಸುವುದು, ಒಂದು ಜೀನಿನಿಂದ ಎಷ್ಟು ಆರ್‌ಎನ್‌ಎ ಪ್ರತಿಗಳು (ಜೀನಿನಲ್ಲಿರುವ ಮಾಹಿತಿಯನ್ನು ಹೊತ್ತೊಯ್ಯುವ ಅಣುಗಳು) ಬಂದಿವೆ ಎಂದು. ಮೊಟ್ಟೆಯ ಹಳದಿಗೆ ಬೇಕಾದ ಪ್ರೋಟೀನಿನ ಜೀನ್ ಗಂಡಿನಲ್ಲೂ ಇದೆ. ಆದರೆ ಹೆಣ್ಣಿನ ಲಿವರಿನಲ್ಲಿ ಅದರ ಪ್ರತಿಗಳು ರಾಶಿ ರಾಶಿ, ಗಂಡಿನಲ್ಲಿ ತೀರಾ ಕಡಿಮೆ. ಮುಪ್ಪಾದಂತೆ ಉರಿಯೂತದ ಜೀನ್‌ಗಳ ಪ್ರತಿಗಳು ಜಾಸ್ತಿಯಾಗುತ್ತವೆ.

ನನಗೆ ಹೊಳೆದ ಪದ 'ನಕಲು'. ತಾಲ್ಲೂಕು ಕಚೇರಿಯಲ್ಲಿ ಮೂಲ ದಾಖಲೆ ರೆಕಾರ್ಡ್ ರೂಮು ಬಿಟ್ಟು ಕದಲುವುದಿಲ್ಲ. ಕೇಳಿದವರಿಗೆ ನಕಲು ತೆಗೆದು ಕೊಡುತ್ತಾರೆ. ಜೀನೂ ಹಾಗೇ ಅಲ್ವಾ? ಮೂಲ ಇದ್ದಲ್ಲೇ ಇರುತ್ತದೆ, ಕೆಲಸಕ್ಕೆ ಹೋಗುವುದು ನಕಲು.

ಆದರೆ 'ಹೆಣ್ಣಿನಲ್ಲಿ ಈ ಜೀನಿನ ನಕಲು ಜಾಸ್ತಿ' ಎಂದು ಬರೆದು ಒಂಬತ್ತನೇ ಕ್ಲಾಸಿನ ಮಗಳಿಗೆ ಓದಿದೆ. "ಅಂದ್ರೆ ಹೆಣ್ಣು ಮೀನಲ್ಲಿ ಆ ಜೀನು ಎರಡು ಮೂರು ಇರುತ್ತಾ ಅಪ್ಪಾ?" ಎಂದಳು. ಅವಳು ಕೇಳಿದ್ದು ಸರಿ. ಒಂದು ಜೀನೇ ಎರಡಾಗುವುದು ಬೇರೆ ಸಂಗತಿ, ಅದಕ್ಕೂ ಪ್ರತಿ, ನಕಲು ಎಂದೇ ಹೇಳುತ್ತೇವೆ. ಈಗ 'ಈ ಜೀನಿನಿಂದ ನಕಲು ತೆಗೆಯುವುದು ಜಾಸ್ತಿ' ಎಂದು ತಿದ್ದಿದ್ದೇನೆ. ಅರ್ಥ ಕೂತಿತು, ಆದರೆ ತಲೆಬರಹಕ್ಕೆ ಒಂದೇ ಪದ ಬೇಕು.

ಇನ್ನೊಂದು ಸಣ್ಣ ತೊಡಕು 'ಪ್ರಾಯ'. ಮೈಸೂರು ಕಡೆಯ ನನಗೆ ಪ್ರಾಯದವರೆಂದರೆ ಹರೆಯದವರು. ಮಂಗಳೂರು ಕಡೆ ವಯಸ್ಸಾದವರು! ಆ ಪದ ಬಿಟ್ಟು 'ಮುಪ್ಪು' ಎಂದೇ ಇಟ್ಟುಕೊಂಡೆ.

ಮತ್ತೆ ತಲೆಬರಹದ ಪದಕ್ಕೆ ಬಂದರೆ, 'ನಕಲಿಳಿಕೆ' ಎಂದರೆ ಹೇಗಿರುತ್ತದೆ? ಕಿವಿಗೆ ಒರಟೇ? ದಸ್ತಾವೇಜು ಬರೆಯುವವರು, ಕಚೇರಿಗಳಲ್ಲಿ ಕೆಲಸ ಮಾಡಿದವರು ನಕಲು ತೆಗೆಯುವುದಕ್ಕೆ ಬಳಸುವ ಬೇರೆ ಮಾತಿದ್ದರೆ ದಯವಿಟ್ಟು ತಿಳಿಸಿ.