ಪ್ರಶ್ನೋತ್ತರ: ನಮ್ಮ ದಾಖಲೆಗಳಿಗೆ ಬ್ಲಾಕ್‌ಚೈನ್ ನಿಜವಾಗಿ ಬೇಕೇ?

ಪ್ರಶ್ನೆ:
ನಾನು ಆರು ವರ್ಷಗಳಿಂದ ಬ್ಯಾಕೆಂಡ್ ಡೆವಲಪರ್ ಆಗಿದ್ದೇನೆ. ತಂಪಾಗಿಯೇ ಸಾಗಿಸಬೇಕಾದ ಸರಕನ್ನು ನಮ್ಮ ಸಂಸ್ಥೆ ಏಳು ಪೂರೈಕೆದಾರರಿಂದ ಪಡೆಯುತ್ತದೆ. ಸರಕು ಯಾವಾಗ ಹೊರಟಿತು, ದಾರಿಯಲ್ಲಿ ತಾಪಮಾನ ಎಷ್ಟಿತ್ತು, ಯಾರು ಇಳಿಸಿಕೊಂಡರು ಎಂಬ ದಾಖಲೆಗಳನ್ನೆಲ್ಲ ಇನ್ನು ಮುಂದೆ ಬ್ಲಾಕ್‌ಚೈನ್‌ನಲ್ಲಿ, ಅಂದರೆ ಹಲವರು ಪ್ರತಿ ಇಟ್ಟುಕೊಳ್ಳುವ, ಗುಟ್ಟಾಗಿ ತಿದ್ದಲು ಬಾರದ ಡಿಜಿಟಲ್ ಲೆಕ್ಕದ ಪುಸ್ತಕದಲ್ಲಿ ಇಡಬೇಕೆಂದು ಮೇಲಿನವರು ತೀರ್ಮಾನಿಸುವ ಹಂತದಲ್ಲಿದ್ದಾರೆ. ಈಗಿರುವುದು ಒಂದು ಸಾಧಾರಣ ಪೋಸ್ಟ್‌ಗ್ರೆಸ್ ಡೇಟಾಬೇಸ್. ಅದರಿಂದ ದೊಡ್ಡ ತೊಂದರೆಯೇನೂ ಆಗಿಲ್ಲ. ಈ ತಂತ್ರಜ್ಞಾನದ ಬಗ್ಗೆ ನನಗೆ ಪೂರ್ವಗ್ರಹವಿಲ್ಲ, ಆದರೆ ಬೇಡದ ಹೊರೆಯನ್ನು ತಂಡದ ತಲೆಗೆ ಕಟ್ಟಲು ಮನಸ್ಸಿಲ್ಲ. ತೀರ್ಮಾನಕ್ಕೆ ಮುಂಚೆ ನಾವು ಏನನ್ನು ಕೇಳಿಕೊಳ್ಳಬೇಕು?

ಉತ್ತರ:
ಮೊದಲು ಇಷ್ಟನ್ನು ಒಂದು ಕಾಗದದ ಮೇಲೆ ಬರೆಯಿರಿ: ಈ ದಾಖಲೆಯ ವಿಷಯದಲ್ಲಿ ಯಾರಿಗೆ ಯಾರ ಮೇಲೆ ನಂಬಿಕೆ ಇಲ್ಲ, ಮತ್ತು ಅವರು ಏನನ್ನು ತಿದ್ದಿಯಾರೆಂಬ ಅಳುಕು ಇದೆ? ಇದಕ್ಕೆ ಸ್ಪಷ್ಟವಾದ ಒಂದು ವಾಕ್ಯ ಸಿಗುವವರೆಗೆ ಯಾವ ತಂತ್ರಜ್ಞಾನದ ಹೆಸರನ್ನೂ ಚರ್ಚೆಗೆ ತರಬೇಡಿ ಎಂದೇ ನಾನು ಹೇಳುತ್ತೇನೆ.

ಬ್ಲಾಕ್‌ಚೈನ್ ಎಂದು ನಾವು ಕರೆಯುವುದರೊಳಗೆ ಮೂರು ಸಂಗತಿಗಳಿವೆ. ಪ್ರತಿ ದಾಖಲೆಯನ್ನೂ ಅದರ ಹಿಂದಿನದಕ್ಕೆ ಹ್ಯಾಶ್ (ಮಾಹಿತಿಯಿಂದ ಲೆಕ್ಕ ಹಾಕಿ ಪಡೆಯುವ ಚಿಕ್ಕ ಗುರುತು; ಮಾಹಿತಿ ಚೂರು ಬದಲಾದರೂ ಅದು ಬದಲಾಗುತ್ತದೆ) ಮೂಲಕ ಬಿಗಿಯುವುದು ಒಂದು. ಬರೆದವರು ಯಾರೆಂದು ಡಿಜಿಟಲ್ ಸಹಿಯಿಂದ ತೋರಿಸುವುದು ಇನ್ನೊಂದು. ಇವೆರಡೂ ಹಳೆಯವು, ಅಗ್ಗದವು. ಅನೇಕ ಹ್ಯಾಶ್‌ಗಳನ್ನು ಜೋಡಿ ಜೋಡಿಯಾಗಿ ಸೇರಿಸುತ್ತ ಒಂದೇ ಹ್ಯಾಶ್‌ಗೆ ತರುವ, ರಾಲ್ಫ್ ಮರ್ಕಲ್ ಅವರ ಹ್ಯಾಶ್ ಮರ 1979ರಷ್ಟು ಹಿಂದಿನದು. ದಾಖಲೆಗಳಿಗೆ ಕಾಲಮುದ್ರೆ ಹಾಕಿ ಸರಪಳಿಯಾಗಿ ಪೋಣಿಸುವ ವಿಧಾನವನ್ನು ಸ್ಟುವರ್ಟ್ ಹೇಬರ್ ಮತ್ತು ಸ್ಕಾಟ್ ಸ್ಟಾರ್ನೆಟಾ 1991ರಲ್ಲಿಯೇ ಪ್ರಕಟಿಸಿದ್ದರು. ಕೋಡ್‌ನ ಆವೃತ್ತಿಗಳನ್ನು ಕಾಯ್ದಿಡಲು ನೀವು ದಿನವೂ ಬಳಸುವ ಗಿಟ್ ಕೂಡ ಪ್ರತಿ ಕಮಿಟ್‌ನಲ್ಲಿ (ಉಳಿಸಿದ ಆವೃತ್ತಿಯಲ್ಲಿ) ಹಿಂದಿನ ಕಮಿಟ್‌ನ ಹ್ಯಾಶ್ ಇಟ್ಟುಕೊಂಡೇ ನಡೆಯುತ್ತದೆ. ಮೂರನೆಯದು ಒಮ್ಮತ: ಯಜಮಾನನೇ ಇಲ್ಲದ, ಯಾರು ಬೇಕಾದರೂ ಸೇರಬಹುದಾದ ಜಾಲದಲ್ಲಿ ಮುಂದಿನ ಸಾಲನ್ನು ಯಾರು ಬರೆಯಬೇಕೆಂಬುದನ್ನು ನಿರ್ಧರಿಸುವ ವಿಧಾನ. 2008ರ ಅಕ್ಟೋಬರ್ 31ರಂದು ಸತೋಶಿ ನಾಕಾಮೊಟೊ ಎಂಬ ಹೆಸರಿನಲ್ಲಿ ಬಂದ, ಬಿಟ್‌ಕಾಯಿನ್ ಎಂಬ ಡಿಜಿಟಲ್ ನಾಣ್ಯದ ಪ್ರಬಂಧದ ನಿಜವಾದ ಹೊಸತನ ಇಲ್ಲಿದೆ. ಖರ್ಚೆಲ್ಲ ಇರುವುದೂ ಇಲ್ಲಿಯೇ. ಪ್ರತಿ ನೋಡ್, ಅಂದರೆ ಜಾಲದ ಪ್ರತಿ ಯಂತ್ರ, ಎಲ್ಲರ ವಹಿವಾಟನ್ನೂ ತಾನೇ ಪರಿಶೀಲಿಸಬೇಕು; ಬಿಟ್‌ಕಾಯಿನ್‌ನಲ್ಲಿ ಸರಾಸರಿ 10 ನಿಮಿಷಕ್ಕೆ ಒಂದು ಬ್ಲಾಕ್ ಹುಟ್ಟುತ್ತದೆ, ಸೆಕೆಂಡಿಗೆ ಸುಮಾರು 7 ವಹಿವಾಟುಗಳಷ್ಟೇ ಸಾಗುತ್ತವೆ. ನಿಮ್ಮ ಪೋಸ್ಟ್‌ಗ್ರೆಸ್ ಒಂದೇ ಯಂತ್ರದಲ್ಲಿ ಸಾವಿರಾರನ್ನು ನಿಭಾಯಿಸುತ್ತದೆ.

ಬಹಳಷ್ಟು ಯೋಜನೆಗಳಿಗೆ ಬೇಕಾಗಿರುವುದು ಮೊದಲ ಎರಡು ಮಾತ್ರ. ಆದರೂ ಮೂರನೆಯದರ ಬೆಲೆಯನ್ನೂ ತೆರುತ್ತಾರೆ. ಇದನ್ನು ಅನುಭವದಿಂದ ಹೇಳುತ್ತಿದ್ದೇನೆ. ಕೆಲವು ವರ್ಷಗಳ ಹಿಂದೆ ಐದು ಸಂಸ್ಥೆಗಳು ಹಂಚಿಕೊಳ್ಳುವ ಒಂದು ಬ್ಲಾಕ್‌ಚೈನ್ ಕಟ್ಟಿದ ತಂಡದಲ್ಲಿ ನಾನಿದ್ದೆ. ಐದರಲ್ಲಿ ನಾಲ್ಕು ಸಂಸ್ಥೆಗಳಿಗೆ ನೋಡ್ ನಡೆಸುವ ಸಿಬ್ಬಂದಿಯೇ ಇರಲಿಲ್ಲವಾದ್ದರಿಂದ, ಐದೂ ನೋಡ್‌ಗಳನ್ನು ಒಂದೇ ಸಂಸ್ಥೆಯ ಕ್ಲೌಡ್ ಖಾತೆಯಲ್ಲಿ ಇರಿಸಿದೆವು. ಒಂದು ಸಂಜೆ ಆವೃತ್ತಿ ಬದಲಾಯಿಸುವ ಕೆಲಸ ನನಗೆ ಬಿತ್ತು. ಒಂದೇ ಟರ್ಮಿನಲ್‌ನಿಂದ ಒಂದಾದ ಮೇಲೊಂದರಂತೆ ಐದು ನೋಡ್‌ಗಳನ್ನೂ ನಿಲ್ಲಿಸಿ, ಬದಲಾಯಿಸಿ, ಮತ್ತೆ ಎಬ್ಬಿಸಿದೆ. ಐದನೆಯದು ಎದ್ದಾಗ ನನಗೆ ಅರಿವಾದದ್ದು ಇಷ್ಟು: ಯಾರೊಬ್ಬರ ಹಿಡಿತದಲ್ಲೂ ಇಲ್ಲವೆಂದು ನಾವು ವಿವರಿಸುತ್ತಿದ್ದ ಆ ಲೆಕ್ಕದ ಪುಸ್ತಕದ ಐದು ಕೀಲಿಗಳೂ ನನ್ನೊಬ್ಬನ ಲ್ಯಾಪ್‌ಟಾಪ್‌ನಲ್ಲಿದ್ದವು. ಡೇಟಾಬೇಸ್‌ಗಿಂತ ಎಷ್ಟೋ ಪಟ್ಟು ಜಟಿಲವಾದುದನ್ನು ಕಟ್ಟಿ, ಡೇಟಾಬೇಸ್ ಕೊಡುವಷ್ಟೇ ಭರವಸೆಯನ್ನು ಕೊಟ್ಟಿದ್ದೆವು.

ಇನ್ನೊಂದು ಮಾತು ನಿಮ್ಮ ಸರಕಿಗೆ ನೇರವಾಗಿ ಸಂಬಂಧಿಸಿದ್ದು. ತಾಪಮಾನ ಅಳೆಯುವ ಸೆನ್ಸರನ್ನು ಯಾರಾದರೂ ತಂಪುಗಾಳಿ ಬರುವ ಕಿಂಡಿಯ ಎದುರಿಗೇ ಇಟ್ಟರೆ, ವಾಹನದ ಹಿಂಭಾಗದಲ್ಲಿ ಸರಕು ಕೆಟ್ಟರೂ ದಾಖಲೆ ಚೆನ್ನಾಗಿಯೇ ಇರುತ್ತದೆ. ಬ್ಲಾಕ್‌ಚೈನ್ ಆ ಸುಳ್ಳನ್ನು ಅಳಿಸಲಾಗದಂತೆ ಕಾಪಾಡುತ್ತದೆ, ಅಷ್ಟೇ. ಬರೆದ ಮೇಲೆ ತಿದ್ದದಂತೆ ತಡೆಯುವುದಕ್ಕೂ ಬರೆಯುವಾಗಲೇ ನಿಜ ಬರೆಸುವುದಕ್ಕೂ ಇರುವ ಅಂತರವನ್ನು ನಿಮ್ಮ ಮೇಲಿನವರಿಗೆ ಮೊದಲು ತೋರಿಸಿ.

ಮರುಪ್ರಶ್ನೆ, ಮತ್ತೊಬ್ಬ ಸದಸ್ಯರಿಂದ:
ನಮ್ಮ ಲೆಕ್ಕಪರಿಶೋಧಕರು ಹೇಳುವುದು ಬೇರೆ. ಡೇಟಾಬೇಸ್ ಅಡ್ಮಿನ್ ಮನಸ್ಸು ಮಾಡಿದರೆ ಯಾವ ಸಾಲನ್ನಾದರೂ ತಿದ್ದಬಹುದು, ಆದ್ದರಿಂದ ಬ್ಲಾಕ್‌ಚೈನ್ ಅನಿವಾರ್ಯ ಎನ್ನುತ್ತಾರೆ. ಬರಿಯ ಹ್ಯಾಶ್ ಸರಪಳಿ ಇದಕ್ಕೆ ಸಾಕಾಗುತ್ತದೆಯೇ?

ಉತ್ತರ:
ಬರಿಯ ಸರಪಳಿ ಸಾಕಾಗುವುದಿಲ್ಲ. ಏಕೆ ಎಂಬುದನ್ನು ಒಂದು ಉದಾಹರಣೆಯಿಂದ ನೋಡೋಣ.

ಒಂದು ಕೋಷ್ಟಕದ 118ನೇ ಸಾಲಿನಲ್ಲಿ ತಾಪಮಾನ 9.4 ಎಂದಿದೆ ಎಂದುಕೊಳ್ಳಿ. ಆ ಸಾಲಿನ ಮಾಹಿತಿಯನ್ನೂ 117ನೇ ಸಾಲಿನ ಹ್ಯಾಶನ್ನೂ ಸೇರಿಸಿ ಎಸ್‌ಎಚ್‌ಎ-256 ಎಂಬ ಹ್ಯಾಶ್ ವಿಧಾನದಿಂದ ಲೆಕ್ಕ ಹಾಕಿ, ಬಂದ 64 ಅಕ್ಷರಗಳ ಹ್ಯಾಶನ್ನು ಅದೇ ಸಾಲಿನಲ್ಲಿ ಇಡುತ್ತೀರಿ; 119ನೇ ಸಾಲು ಅದನ್ನು ಒಳಗೊಂಡು ತನ್ನ ಹ್ಯಾಶ್ ಪಡೆಯುತ್ತದೆ. ಈಗ ಯಾರೋ 9.4 ಎಂಬುದನ್ನು 4.9 ಎಂದು ಬದಲಿಸಿದರೆ 118ನೇ ಸಾಲಿನ ಹ್ಯಾಶ್ ಹೊಂದುವುದಿಲ್ಲ, ಅಲ್ಲಿಗೆ ಸರಪಳಿ ಕಡಿದುದು ಕಾಣುತ್ತದೆ. ಆದರೆ ಪೂರ್ಣ ಅಧಿಕಾರವಿರುವ ಅಡ್ಮಿನ್ 118ರಿಂದ ಕೊನೆಯವರೆಗಿನ ಎಲ್ಲ ಹ್ಯಾಶ್‌ಗಳನ್ನೂ ಹೊಸದಾಗಿ ಲೆಕ್ಕ ಹಾಕಿ ಬರೆಯಬಲ್ಲರು. ಸಾಲುಗಳು 50,000 ಇದ್ದರೂ ಇದು ಕೆಲವೇ ಕ್ಷಣಗಳ ಕೆಲಸ. ಆಮೇಲೆ ನೀವು ಪರೀಕ್ಷಿಸಿದರೆ ಸರಪಳಿ ಎಲ್ಲೂ ಕಡಿಯದೆ ನೆಟ್ಟಗೆ ಕಾಣುತ್ತದೆ.

ಆದ್ದರಿಂದ ನಿಮಗೆ ಹೊರಗಿನ ಸಾಕ್ಷಿ ಬೇಕು. ಪ್ರತಿ ರಾತ್ರಿ ಆ ದಿನದ ಕೊನೆಯ ಹ್ಯಾಶನ್ನು ಅಡ್ಮಿನ್‌ನ ಕೈಗೆ ಎಟುಕದ ಕಡೆಗೆ, ಅಂದರೆ ಲೆಕ್ಕಪರಿಶೋಧಕರಿಗೂ ವ್ಯವಹಾರದ ಇನ್ನೊಂದು ಬದಿಯವರಿಗೂ ಕಳುಹಿಸಿ. ಆ 64 ಅಕ್ಷರಗಳು ಹೊರಗೆ ಹೋದ ಮೇಲೆ ಅದಕ್ಕೂ ಹಿಂದಿನ ಒಂದೇ ಒಂದು ಅಂಕಿ ಬದಲಾದರೂ ಸಿಕ್ಕಿಬೀಳುತ್ತದೆ. ಹೇಬರ್ ಮತ್ತು ಸ್ಟಾರ್ನೆಟಾ ಅವರ ಸೇವೆ 1995ರಿಂದ ವಾರಕ್ಕೊಮ್ಮೆ ತನ್ನ ಹ್ಯಾಶನ್ನು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆಯ ವರ್ಗೀಕೃತ ಜಾಹೀರಾತಿನಲ್ಲಿ ಅಚ್ಚು ಹಾಕಿಸುತ್ತಿತ್ತು. ಸಾವಿರಾರು ಮನೆಗಳಿಗೆ ಹೋದ ಕಾಗದವನ್ನು ಹಿಂದಕ್ಕೆ ತರಿಸಿ ತಿದ್ದುವವರು ಯಾರು? ಸಾರ್ವಜನಿಕ ಬ್ಲಾಕ್‌ಚೈನನ್ನೇ ಸಾಕ್ಷಿಯಾಗಿಸಬೇಕೆಂದರೆ ಅದಕ್ಕೂ ದಾರಿಯಿದೆ: ಓಪನ್‌ಟೈಮ್‌ಸ್ಟ್ಯಾಂಪ್ಸ್ ಎಂಬ ವ್ಯವಸ್ಥೆ ಅಸಂಖ್ಯ ಹ್ಯಾಶ್‌ಗಳನ್ನು ಒಂದು ಮರವಾಗಿ ಕಟ್ಟಿ, ಅದರ ಬೇರನ್ನು ಮಾತ್ರ ಬಿಟ್‌ಕಾಯಿನ್‌ನ ಒಂದು ವಹಿವಾಟಿನಲ್ಲಿ ಇಡುತ್ತದೆ. ನಿಮ್ಮ ಮಾಹಿತಿ ನಿಮ್ಮಲ್ಲಿಯೇ ಉಳಿಯುತ್ತದೆ.

ಇದು ಆಟಿಕೆಯ ಪರಿಹಾರವೆಂದು ಭಾವಿಸಬೇಡಿ. 2011ರಲ್ಲಿ, ಜಾಲತಾಣ ಅಸಲಿ ಎಂದು ಡಿಜಿಟಲ್ ಪ್ರಮಾಣಪತ್ರ ಕೊಡುವ ಡಿಜಿನೋಟಾರ್ ಎಂಬ ಸಂಸ್ಥೆಯೊಳಗೆ ನುಗ್ಗಿದವರು ಹೆಸರಾಂತ ಜಾಲತಾಣಗಳಿಗೆ ನಕಲಿ ಪ್ರಮಾಣಪತ್ರ ಮಾಡಿಸಿಕೊಂಡ ಮೇಲೆ, ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಎಂಬ ಸಾರ್ವಜನಿಕ ದಾಖಲೆ ವ್ಯವಸ್ಥೆ ರೂಪುಗೊಂಡಿತು. 2013ರಲ್ಲಿ ಅದರ ವಿವರ ಆರ್‌ಎಫ್‌ಸಿ 6962 ಎಂಬ ಅಂತರಜಾಲದ ತಾಂತ್ರಿಕ ದಾಖಲೆಯಾಗಿ ಪ್ರಕಟವಾಯಿತು. 2018ರಿಂದ ಕ್ರೋಮ್ ಬ್ರೌಸರ್ ಹೊಸ ಪ್ರಮಾಣಪತ್ರಗಳಿಗೆ ಅದನ್ನು ಕಡ್ಡಾಯ ಮಾಡಿತು. ಅಲ್ಲಿ ನಾಣ್ಯವಿಲ್ಲ, ಲೆಕ್ಕಾಚಾರದ ಪೈಪೋಟಿಯಿಂದ ನಾಣ್ಯ ಗಳಿಸುವ ಮೈನಿಂಗ್ ಇಲ್ಲ. ಸೇರಿಸಲು ಮಾತ್ರ ಬರುವ, ಅಳಿಸಲು ಬಾರದ ಮರ್ಕಲ್ ಮರ ಮತ್ತು ಅದನ್ನು ಸದಾ ನೋಡುತ್ತಿರುವ ಹೊರಗಿನ ಕಣ್ಣುಗಳಿವೆ. ಇಡೀ ಜಗತ್ತಿನ ವೆಬ್ ಅದನ್ನು ನೆಚ್ಚಿಕೊಂಡಿದೆ.

ಮಿತಿಯನ್ನೂ ಹೇಳಿಬಿಡುತ್ತೇನೆ. ಇದು ತಿದ್ದುವುದನ್ನು ತಡೆಯುವುದಿಲ್ಲ, ತಿದ್ದಿದ್ದನ್ನು ತೋರಿಸಿಕೊಡುತ್ತದೆ. ಮೂಲವನ್ನು ಮರಳಿ ತರಲು ಪ್ರತ್ಯೇಕ ಬ್ಯಾಕಪ್ ಬೇಕೇ ಬೇಕು. ಬರೆಯದೇ ಬಿಟ್ಟ ಸಾಲನ್ನು ಯಾವ ಹ್ಯಾಶ್ ಕೂಡ ಹಿಡಿಯಲಾರದು.

ಮರುಪ್ರಶ್ನೆ:
ಸ್ಮಾರ್ಟ್ ಕಾಂಟ್ರಾಕ್ಟ್, ಅಂದರೆ ಬ್ಲಾಕ್‌ಚೈನ್ ಮೇಲೆಯೇ ನಡೆಯುವ ಒಪ್ಪಂದದ ಕೋಡ್ ಬಗ್ಗೆ ನೀವು ಏನೂ ಹೇಳಲಿಲ್ಲ. ತಾಪಮಾನ ಮಿತಿ ಮೀರಿದರೆ ದಂಡ ತಾನಾಗಿಯೇ ಕಡಿತವಾಗಬೇಕು ಎಂಬುದು ನಮ್ಮ ಕಡೆಯ ಮುಖ್ಯ ಆಕರ್ಷಣೆ.

ಉತ್ತರ:
ತಾನಾಗಿಯೇ ನಡೆಯುವುದು ಬ್ಲಾಕ್‌ಚೈನ್‌ನ ವಿಶೇಷವಲ್ಲ. ನಿಮ್ಮ ಸರ್ವರ್‌ನಲ್ಲಿರುವ ಒಂದು ನಿಗದಿತ ಜಾಬ್ ಕೂಡ ದಂಡ ಕಡಿತ ಮಾಡುತ್ತದೆ. ಸ್ಮಾರ್ಟ್ ಕಾಂಟ್ರಾಕ್ಟ್‌ನ ವಿಶೇಷವೆಂದರೆ ಅದನ್ನು ಬರೆದವರೂ ನಿಲ್ಲಿಸಲಾರರು ಎಂಬುದು. ಇದು ನಿಮಗೆ ವರವೋ ಶಾಪವೋ ಎಂದು ಯೋಚಿಸಬೇಕು. 2016ರ ಜೂನ್‌ನಲ್ಲಿ ಇಥೀರಿಯಮ್ ಎಂಬ ಬ್ಲಾಕ್‌ಚೈನ್ ಮೇಲಿದ್ದ ದಿ ಡಿಎಒ ಎಂಬ ನಿಧಿಯ ಕೋಡ್‌ನಲ್ಲಿ ಒಂದು ದೋಷವಿತ್ತು: ಹಣ ಕಳುಹಿಸಿದ ನಂತರ ಖಾತೆಯ ಮೊತ್ತವನ್ನು ತಗ್ಗಿಸುತ್ತಿತ್ತು, ಅದಕ್ಕೂ ಮುಂಚೆ ಅದೇ ಫಂಕ್ಷನ್‌ಗೆ ಮತ್ತೆ ಮತ್ತೆ ಒಳಬರಲು ಅವಕಾಶವಿತ್ತು. ಎರಡು ಸಾಲುಗಳ ಹಿಂದು ಮುಂದಿನಿಂದ ಸುಮಾರು 36 ಲಕ್ಷ ಈಥರ್ (ಇಥೀರಿಯಮ್‌ನ ನಾಣ್ಯ) ಹೊರಹರಿಯಿತು. ಕೊನೆಗೆ ಜುಲೈನಲ್ಲಿ ಜಾಲದ ಬಹುಪಾಲು ಜನ ಇತಿಹಾಸವನ್ನೇ ಕವಲೊಡೆಸಿ ಹಣವನ್ನು ಹಿಂತಿರುಗಿಸಿದರು. ಒಪ್ಪದವರು ಇಥೀರಿಯಮ್ ಕ್ಲಾಸಿಕ್ ಆಗಿ ಉಳಿದರು. ಮರುವರ್ಷದ ನವೆಂಬರ್‌ನಲ್ಲಿ ಈಥರ್ ಇಡುವ ಪ್ಯಾರಿಟಿ ವ್ಯಾಲೆಟ್‌ಗಳು ಹಂಚಿಕೊಂಡಿದ್ದ ಕೋಡ್ ಲೈಬ್ರರಿಯ ಒಡೆತನವನ್ನು ಯಾರೋ ಪಡೆದು ಅದನ್ನು ಅಳಿಸಿಹಾಕಿದಾಗ, ಅದನ್ನು ನೆಚ್ಚಿದ್ದ ವ್ಯಾಲೆಟ್‌ಗಳಲ್ಲಿದ್ದ 5 ಲಕ್ಷಕ್ಕೂ ಹೆಚ್ಚು ಈಥರ್ ಅಲ್ಲಿಯೇ ಸಿಕ್ಕಿಹಾಕಿಕೊಂಡಿತು; ಆ ಬಾರಿ ಕವಲೊಡೆಸಲು ಜನ ಒಪ್ಪಲಿಲ್ಲ.

ಶುಕ್ರವಾರ ಸಂಜೆ ದೋಷ ಕಂಡರೆ ಪ್ಯಾಚ್ ಹಾಕಬಹುದೆಂಬ ಧೈರ್ಯದ ಮೇಲೆ ನಮ್ಮ ವೃತ್ತಿಯೇ ನಡೆದಿದೆ. ಕಾಂಟ್ರಾಕ್ಟನ್ನು ಬದಲಾಯಿಸಲು ಬರುವಂತೆ ಬರೆಯಬಹುದು, ನಿಜ; ಆಗ ಬದಲಾಯಿಸುವ ಕೀಲಿ ಹಿಡಿದವರೇ ಮತ್ತೆ ಯಜಮಾನರಾಗುತ್ತಾರೆ. ಇದಲ್ಲದೆ, ತಾಪಮಾನ ಎಷ್ಟೆಂಬುದನ್ನು ಕಾಂಟ್ರಾಕ್ಟ್ ತಾನಾಗಿ ತಿಳಿಯಲಾರದು; ಹೊರಗಿನಿಂದ ಯಾರಾದರೂ ಹೇಳಬೇಕು. ಹಾಗೆ ಹೇಳುವ ಆರಕಲ್ ಅನ್ನು ಇಬ್ಬರೂ ನಂಬುವುದಾದರೆ, ದಂಡವನ್ನು ಕೂಡ ಅವರೇ ಲೆಕ್ಕ ಹಾಕಬಹುದಲ್ಲವೇ?

ಪ್ರತಿಕ್ರಿಯೆ, ಇದೇ ಕ್ಷೇತ್ರದ ಡೆವಲಪರ್ ಒಬ್ಬರಿಂದ:
ನಿಮ್ಮ ಉತ್ತರಗಳು ಒಂದು ಕಡೆಗೆ ವಾಲುತ್ತಿವೆ ಎಂದು ನನಗನಿಸುತ್ತದೆ. ಪೈಪೋಟಿಯಲ್ಲಿರುವ ಹತ್ತು ಸಂಸ್ಥೆಗಳು ಒಂದೇ ದಾಖಲೆಯನ್ನು ಹಂಚಿಕೊಳ್ಳಬೇಕಾದಾಗ ನಿಮ್ಮ ಆ ಒಂದು ಡೇಟಾಬೇಸ್ ಯಾರ ಮನೆಯಲ್ಲಿರಬೇಕು? ಅದನ್ನು ಇಟ್ಟುಕೊಂಡವರಿಗೆ ಉಳಿದವರೆಲ್ಲರ ಗುಟ್ಟು ಸಿಗುತ್ತದೆ.

ಉತ್ತರ:
ನೀವು ಹೇಳುವುದು ಸರಿ, ಮತ್ತು ಈ ತಂತ್ರಜ್ಞಾನಕ್ಕೆ ನ್ಯಾಯವಾದ ಜಾಗ ಅದೇ. ಪರಸ್ಪರ ನಂಬದ, ಎಲ್ಲರೂ ಬರೆಯಬೇಕಾದ, ಎಲ್ಲರೂ ಒಪ್ಪುವ ಮಧ್ಯಸ್ಥರಿಲ್ಲದ ಸಂದರ್ಭದಲ್ಲಿ ಒಮ್ಮತಕ್ಕೆ ತೆರುವ ಬೆಲೆ ವ್ಯರ್ಥವಲ್ಲ. ಆಸ್ತಿಯೇ ಪುಸ್ತಕದೊಳಗೆ ಹುಟ್ಟಿ ಪುಸ್ತಕದೊಳಗೇ ಕೈ ಬದಲಾಯಿಸುವ ಕಡೆ ಅದು ಇನ್ನೂ ಸಲೀಸು. ಬಿಟ್‌ಕಾಯಿನ್ 2009ರ ಜನವರಿಯಿಂದ ಯಾವ ಕೇಂದ್ರ ಕಚೇರಿಯೂ ಇಲ್ಲದೆ ನಡೆದುಬಂದಿರುವುದು ಎಂಜಿನಿಯರಿಂಗ್ ದೃಷ್ಟಿಯಿಂದ ಅಸಾಧಾರಣವೆಂದೇ ನಾನು ತಿಳಿಯುತ್ತೇನೆ. ಅಲ್ಲಿ ಹೊರಗಿನ ಸೆನ್ಸರ್ ಇಲ್ಲ, ಆರಕಲ್ ಇಲ್ಲ; ಪುಸ್ತಕ ಹೇಳಿದ್ದೇ ನಿಜ.

ಆದರೆ ಸರಕು, ಷೇರು ಮುಂತಾದ ಹೊರಗಿನ ಸಂಗತಿಗಳಿಗೆ ಬಂದಾಗ ಕಷ್ಟವಾದದ್ದು ಕೋಡ್ ಬರೆಯುವುದಲ್ಲ, ಜನರನ್ನು ಒಂದು ಮೇಜಿಗೆ ತರುವುದು. ಮಾರ್ಸ್ಕ್ ಮತ್ತು ಐಬಿಎಂ ಸೇರಿ 2018ರಲ್ಲಿ ಹಡಗು ಸಾಗಣೆಯ ದಾಖಲೆಗಳಿಗಾಗಿ ಟ್ರೇಡ್‌ಲೆನ್ಸ್ ಆರಂಭಿಸಿದವು. ಅದು ಚಿಕ್ಕ ಪ್ರಯತ್ನವಾಗಿರಲಿಲ್ಲ. 2022ರ ನವೆಂಬರ್‌ನಲ್ಲಿ ಅದನ್ನು ಮುಚ್ಚುವುದಾಗಿ ಪ್ರಕಟಿಸುವಾಗ ಅವು ಕೊಟ್ಟ ಕಾರಣ, ಇಡೀ ಉದ್ಯಮದ ಸಹಭಾಗಿತ್ವ ಸಾಧ್ಯವಾಗಲಿಲ್ಲ ಎಂಬುದು. ಅದೇ ತಿಂಗಳು ಆಸ್ಟ್ರೇಲಿಯಾದ ಷೇರು ವಿನಿಮಯ ಕೇಂದ್ರ ಷೇರು ವಹಿವಾಟುಗಳನ್ನು ಇತ್ಯರ್ಥಪಡಿಸುವ ತನ್ನ ಚೆಸ್ ಎಂಬ ಹಳೆಯ ವ್ಯವಸ್ಥೆಯ ಬದಲಿಗೆ ಹಂಚಿದ ಲೆಡ್ಜರ್ ತರುವ ಯೋಜನೆಯನ್ನು ನಿಲ್ಲಿಸಿ, ಸುಮಾರು 25 ಕೋಟಿ ಆಸ್ಟ್ರೇಲಿಯನ್ ಡಾಲರ್‌ಗಳನ್ನು ನಷ್ಟವೆಂದು ಬರೆದುಕೊಂಡಿತು.

ಸದಸ್ಯರು ಯಾರೆಂದು ಗೊತ್ತಿರುವ ಖಾಸಗಿ ಜಾಲ ಕಟ್ಟುವವರು ಒಂದನ್ನು ಮರೆಯಬಾರದು. ಮೋಸ ಮಾಡುವ ಒಂದು ನೋಡನ್ನು ಸಹಿಸಬೇಕಾದರೆ ಒಟ್ಟು ಕನಿಷ್ಠ ನಾಲ್ಕು ನೋಡ್‌ಗಳು ಬೇಕು, ಎರಡನ್ನು ಸಹಿಸಲು ಏಳು. 1999ರ ಪಿಬಿಎಫ್‌ಟಿ ಎಂಬ ಒಮ್ಮತದ ವಿಧಾನ ನಿಂತಿರುವುದು ಈ ಲೆಕ್ಕದ ಮೇಲೆಯೇ. ಖಾಸಗಿ ಜಾಲ ಕಟ್ಟಲು ಬಳಸುವ ಹೈಪರ್‌ಲೆಡ್ಜರ್ ಫ್ಯಾಬ್ರಿಕ್‌ನ ಅನೇಕ ಜಾಲಗಳಲ್ಲಿ ವಹಿವಾಟುಗಳ ಸರದಿಯನ್ನು ನಿರ್ಧರಿಸುವುದು ರಾಫ್ಟ್ ಎಂಬ ಬೇರೆ ವಿಧಾನ, ಮತ್ತು ರಾಫ್ಟ್ ಸಹಿಸುವುದು ನಿಂತುಹೋದ ಯಂತ್ರವನ್ನು ಮಾತ್ರ, ಸುಳ್ಳು ಹೇಳುವ ಯಂತ್ರವನ್ನಲ್ಲ. ನಿಮ್ಮ ಜಾಲದಲ್ಲಿ ಯಾವುದಿದೆ ಎಂದು ಇಂದೇ ನೋಡಿ.

ಮರುಪ್ರಶ್ನೆ:
ವಿದ್ಯುತ್ ಬಳಕೆಯ ಬಗ್ಗೆ ಒಂದು ಮಾತು?

ಉತ್ತರ:
ಅದು ಪ್ರೂಫ್ ಆಫ್ ವರ್ಕ್ ವಿಧಾನದ, ಅಂದರೆ ಭಾರಿ ಲೆಕ್ಕಾಚಾರದ ಪೈಪೋಟಿಯಲ್ಲಿ ಗೆದ್ದವರು ಮುಂದಿನ ಬ್ಲಾಕ್ ಬರೆಯುವ ವಿಧಾನದ ಸಮಸ್ಯೆ. ಇಥೀರಿಯಮ್ 2022ರ ಸೆಪ್ಟೆಂಬರ್ 15ರಂದು ಅದನ್ನು ಕೈಬಿಟ್ಟಾಗ ಅದರ ಬಳಕೆ ಶೇಕಡಾ 99ಕ್ಕಿಂತ ಹೆಚ್ಚು ಇಳಿಯಿತು. ಖಾಸಗಿ ಜಾಲಗಳಿಗೆ ಆ ವಿಧಾನದ ಅಗತ್ಯವೇ ಇಲ್ಲ. ನಿಮ್ಮ ತೀರ್ಮಾನ ಇದರ ಮೇಲೆ ನಿಲ್ಲದಿರಲಿ.

ಮೊದಲು ಕೇಳಿದವರಿಂದ:
ನೀವು ಹೇಳಿದ ಕಾಗದವನ್ನು ಬರೆದು ಏಳೂ ಪೂರೈಕೆದಾರರನ್ನು ಕೇಳಿದೆ. ಆರು ಮಂದಿಗೆ ಯಾವ ಅಳುಕೂ ಇಲ್ಲ. ಒಬ್ಬರು ಮಾತ್ರ, ಸರಕನ್ನು ತಿರಸ್ಕರಿಸಬೇಕೆನಿಸಿದಾಗ ಇಳಿಸುವ ಹೊತ್ತಿನ ತಾಪಮಾನವನ್ನು ನೀವೇ ಆಮೇಲೆ ಏರಿಸಿ ಬರೆದರೆ ನಮಗೆ ಗತಿಯೇನು ಎಂದು ಕೇಳಿದರು. ಆ ಭಯ ನಮ್ಮ ಬಗ್ಗೆಯೇ ಇರಬಹುದೆಂದು ನನಗೆ ಹೊಳೆದೇ ಇರಲಿಲ್ಲ.

ಉತ್ತರ:
ಅವರು ಕೇಳಿದ್ದು ನ್ಯಾಯವಾದ ಪ್ರಶ್ನೆ, ಮತ್ತು ನಿಮ್ಮ ವಿನ್ಯಾಸ ಅದರಿಂದಲೇ ಹೊರಡಲಿ. ಸರಕು ಇಳಿಸುವ ಆ ಹೊತ್ತಿನಲ್ಲಿಯೇ ಸೆನ್ಸರ್‌ನ ಓದಿಗೆ ನಿಮ್ಮ ಕಡೆಯವರೂ ಅವರ ಚಾಲಕರೂ ತಮ್ಮ ತಮ್ಮ ಕೀಲಿಯಿಂದ ಸಹಿ ಮಾಡಲಿ, ಸಹಿಯಾದ ಪ್ರತಿ ಅದೇ ಕ್ಷಣ ಇಬ್ಬರ ಬಳಿಯೂ ಉಳಿಯಲಿ. ಆ ದಾಖಲೆಗಳು ನಿಮ್ಮ ಪೋಸ್ಟ್‌ಗ್ರೆಸ್‌ನಲ್ಲಿಯೇ ಹ್ಯಾಶ್ ಸರಪಳಿಯಾಗಿ ಸೇರಲಿ, ದಿನದ ಕೊನೆಯ ಹ್ಯಾಶ್ ಏಳೂ ಮಂದಿಗೆ ಹೋಗಲಿ. ಸಾಲಿಗೆ ಸಾಲು ತಾಳೆ ನೋಡುವ ಒಂದು ಚಿಕ್ಕ ಪ್ರೋಗ್ರಾಮನ್ನು ಅವರಿಗೂ ಕೊಡಿ, ಅದರ ಮೂಲ ಕೋಡ್ ಸಮೇತ. ಚಾಲಕರ ಹೆಸರು, ಫೋನ್ ಸಂಖ್ಯೆಗಳು ಸರಪಳಿಯ ಹೊರಗಿರಲಿ. 2018ರಲ್ಲಿ ಜಾರಿಗೆ ಬಂದ ಯುರೋಪಿನ ಜಿಡಿಪಿಆರ್‌ನಂಥ ವೈಯಕ್ತಿಕ ಮಾಹಿತಿ ರಕ್ಷಣೆಯ ಕಾನೂನಿನಡಿ ಯಾರಾದರೂ ತಮ್ಮ ಮಾಹಿತಿಯನ್ನು ಅಳಿಸಿ ಎಂದರೆ ಅಳಿಸಲು ಬರುವಂತಿರಬೇಕು.

ಕೆಲಸ ಶುರು ಮಾಡುವ ಮುಂಚೆ ಎರಡು ಸಂಗತಿ ಇತ್ಯರ್ಥವಾಗಲಿ. ಚಾಲಕರ ಕೀಲಿ ಕಳೆದುಹೋದರೆ ಹೊಸದನ್ನು ಯಾರು, ಯಾರ ಒಪ್ಪಿಗೆಯಿಂದ ಕೊಡುತ್ತಾರೆ ಎಂಬುದು ಒಂದು. ಇನ್ನೊಂದು, ಪರೀಕ್ಷೆಯ ಪ್ರತಿಯಲ್ಲಿ ಒಂದು ಹಳೆಯ ಸಾಲನ್ನು ನೀವೇ ಗುಟ್ಟಾಗಿ ತಿದ್ದಿ, ಸರಪಳಿಯನ್ನೂ ಪೂರ್ತಿಯಾಗಿ ಮರು ಲೆಕ್ಕ ಹಾಕಿ ಇಡಿ. ಆ ಪ್ರಶ್ನೆ ಕೇಳಿದ ಪೂರೈಕೆದಾರರು ತಮ್ಮ ಬಳಿಯಿರುವ ಹ್ಯಾಶ್‌ನಿಂದ ಅದನ್ನು ಕಂಡುಹಿಡಿಯುತ್ತಾರೋ ಇಲ್ಲವೋ ನೋಡಿ. ಫಲಿತಾಂಶ ಏನೇ ಬಂದರೂ ಇಲ್ಲಿ ಬರೆಯಿರಿ.