ಅತ್ತೆಯ ಬೆಕ್ಕು ರಾತ್ರಿ ಹೊತ್ತು ಡಿಕ್ಕಿ ಹೊಡೀತಿದೆ, ಡಾಕ್ಟ್ರೇ ಸ್ವಲ್ಪ ನೋಡಿ ಹೇಳಿ

ಪ್ರಶ್ನೆ:
ಡಾಕ್ಟ್ರೇ ನಮಸ್ತೆ, ಸ್ವಲ್ಪ ಉದ್ದ ಇದೆ ಬೇಜಾರು ಮಾಡ್ಕೋಬೇಡಿ. ಮಾವ ತೀರ್ಕೊಂಡ್ಮೇಲೆ ಅತ್ತೇನ ಸಾಗರದ ಕಡೆ ಹಳ್ಳಿಯಿಂದ ಬೆಂಗಳೂರಿಗೆ ಕರ್ಕೊಂಡ್ ಬಂದ್ವಿ, ಒಂದೂವರೆ ವರ್ಷ ಆಯ್ತು. ಅವರು ಹಾಕಿದ್ದು ಒಂದೇ ಕಂಡೀಷನ್, ಬೆಳ್ಳಿ ಬಂದ್ರೆ ನಾನು ಬರ್ತೀನಿ ಅಂತ. ಬೆಳ್ಳಿ ಅಂದ್ರೆ ಬೆಕ್ಕು, ಹೆಣ್ಣು, 7 ವರ್ಷ, ಆಪರೇಷನ್ ಆಗಿದೆ. ನಾವಿಬ್ರೂ ಆಫೀಸು, ಮಗ ಸ್ಕೂಲು, ಇಡೀ ದಿನ ಮನೇಲಿ ಅವರಿಬ್ರೇ. ಒಂದಿನ ನಾನು ಮನೆಯಿಂದ್ಲೇ ಕೆಲಸ ಮಾಡ್ತಿದ್ದಾಗ ಕೇಳಿಸ್ತು, ಅತ್ತೆ ಅದರ ಹತ್ರ ಅಡಿಕೆಗೆ ಕೊಳೆ ರೋಗ ಬಂದಿರೋ ವಿಷ್ಯ ಹೇಳ್ತಿದ್ರು, ಅದು ಮಧ್ಯೆ ಮಧ್ಯೆ ಮ್ಯಾಂವ್ ಅಂತಿತ್ತು. ನಮ್ಮ ಹತ್ರ ಅವರು ಇಷ್ಟು ಮಾತಾಡಲ್ಲ ನಿಜ ಹೇಳ್ಬೇಕಂದ್ರೆ.

ಒಂದು ತಿಂಗಳಿಂದ ಬೆಳ್ಳಿ ರಾತ್ರಿ ಹೊತ್ತು ಕುರ್ಚಿ ಕಾಲಿಗೆ ಡಿಕ್ಕಿ ಹೊಡೀತಾಳೆ. ಮೊನ್ನೆ ಕಿಟಕಿಗೆ ಹಾರೋಕೆ ಹೋಗಿ ಗುರಿ ತಪ್ಪಿ ಕೆಳಗಿದ್ದ ಬಕೆಟ್ ಒಳಗೇ ಬಿದ್ಳು. ಊಟ ಅಂದ್ರೆ ನಮ್ದು ಪೂರ್ತಿ ವೆಜ್, ಬೆಳಿಗ್ಗೆ ಹಾಲು, ಮಧ್ಯಾಹ್ನ ರಾತ್ರಿ ಅತ್ತೆ ಮೊಸರನ್ನ ಕೈಯಲ್ಲೇ ನುಣ್ಣಗೆ ಕಿವುಚಿ ಹಾಕ್ತಾರೆ, ದೋಸೆ ಮಾಡಿದ್ರೆ ತುಪ್ಪ ಸವರಿ ಒಂದು ಚೂರು. ಊರಲ್ಲೂ ಇದೇ ಊಟ. ವಯಸ್ಸಾಯ್ತು ಅಂತ ಹೀಗಾ? ಕಣ್ಣಿಗೆ ಡ್ರಾಪ್ಸ್ ಏನಾದ್ರೂ ಹೇಳ್ತೀರಾ?

ಡಾಕ್ಟರ್:
ಡ್ರಾಪ್ಸ್ ಬೇಡ ಮೇಡಂ. 7 ವರ್ಷ ಬೆಕ್ಕಿಗೆ ಮುದಿ ವಯಸ್ಸೇನಲ್ಲ. ಮೊದ್ಲು ಒಂದು ನೋಡಿ, ಮಧ್ಯಾಹ್ನ ಬಿಸಿಲಲ್ಲಿ ಕೂತಾಗ ಅದರ ಕಣ್ಣಿನ ಕರಿಗುಡ್ಡೆ ಗೆರೆ ಥರ ಸಣ್ಣ ಆಗತ್ತಾ, ಇಲ್ಲ ಅಗಲವಾಗೇ ಇರತ್ತಾ?

ಪ್ರಶ್ನೆ ಕೇಳಿದವರು:
ಈಗ ತಾನೇ ನೋಡಿದೆ. ಅಗಲವಾಗೇ ಇದೆ ಸರ್, ಗೋಲಿ ಥರ.

ಡಾಕ್ಟರ್:
ಹಾಗಾದ್ರೆ ತಡ ಮಾಡ್ಬೇಡಿ, ಈ ವಾರವೇ ಕಣ್ಣಿನ ಒಳಪರದೆ ನೋಡೋ ಸೌಲಭ್ಯ ಇರೋ ಕಡೆ ತೋರಿಸಿ. ಜೊತೆಗೆ ಬಿಪಿ, ಕಿಡ್ನಿ ಬ್ಲಡ್ ಟೆಸ್ಟ್, ಹೃದಯದ ಸ್ಕ್ಯಾನ್. ಬಿಪಿ ಯಾಕಂದ್ರೆ ಬೆಕ್ಕುಗಳಲ್ಲಿ ಬಿಪಿ ಏರಿದ್ರೂ ಕಣ್ಣು ಹೋಗತ್ತೆ, ಅದನ್ನ ಬಿಡೋಹಾಗಿಲ್ಲ. ಆದ್ರೆ ನಂಗೆ ಜಾಸ್ತಿ ಅನುಮಾನ ಊಟದ ಮೇಲೆ.

ಊರಲ್ಲೂ ಇದೇ ಊಟ ಅಂದ್ರಲ್ಲ, ಅದು ಅತ್ತೆ ಹಾಕ್ತಿದ್ದ ಊಟ ಮೇಡಂ. ಅಟ್ಟದಲ್ಲಿ ಇಲಿ, ಕೊಟ್ಟಿಗೇಲಿ ಹಲ್ಲಿ, ತೋಟದಲ್ಲಿ ಓತಿಕ್ಯಾತ, ಇದೆಲ್ಲ ಬೆಳ್ಳಿ ನಿಮಗೆ ಲೆಕ್ಕ ಕೊಡದೆ ತಿಂದಿರತ್ತೆ, ಮೊಸರನ್ನ ಅದಕ್ಕೆ ನಮ್ಮ ಸಂಡಿಗೆ ಹಪ್ಪಳ ಇದ್ದ ಹಾಗೆ. ನಿಮ್ಮ ಫ್ಲ್ಯಾಟಲ್ಲಿ ಇಲಿ ಎಲ್ಲಿದೆ? ಸಂಡಿಗೇಲೇ ಒಂದೂವರೆ ವರ್ಷ ಕಳೆದಿದೆ ಪಾಪ.

ಬೆಕ್ಕಿಗೆ ಟಾರೀನ್ ಅಂತ ಒಂದು ಅಂಶ ಬೇಕೇ ಬೇಕು. ನಮ್ಮ ದೇಹ ಅದನ್ನ ತಾನೇ ಮಾಡ್ಕೊಳ್ಳತ್ತೆ, ನಾಯೀದೂ ಮಾಡ್ಕೊಳ್ಳತ್ತೆ, ಬೆಕ್ಕಿನ ಕೈಲಿ ಸಾಲುವಷ್ಟು ಆಗಲ್ಲ. ಮಾಂಸ ಮೀನಲ್ಲಿರತ್ತೆ, ಅನ್ನ ಬೇಳೆ ತರಕಾರೀಲಿ ಇಲ್ಲ, ಹಸುವಿನ ಹಾಲಲ್ಲಿ ಇರೋದು ಯಾತಕ್ಕೂ ಸಾಲಲ್ಲ. ಕಮ್ಮಿಯಾದ್ರೆ ತಕ್ಷಣ ಗೊತ್ತಾಗಲ್ಲ, ತಿಂಗಳುಗಟ್ಟಲೆ ನಿಧಾನಕ್ಕೆ ಕಣ್ಣಿನ ಪರದೆ ಸವೀತಾ ಬರತ್ತೆ, ಇದು 1975ರಲ್ಲೇ ಗೊತ್ತಾಗಿದ್ದ ವಿಷ್ಯ. 1987ರಲ್ಲಿ ಕ್ಯಾಲಿಫೋರ್ನಿಯಾದ ಡೇವಿಸ್ ವಿಶ್ವವಿದ್ಯಾಲಯದವ್ರು ಹೃದಯ ಊದಿಕೊಳ್ಳೋದಕ್ಕೂ ಇದೇ ಕಾರಣ ಅಂತ ತೋರಿಸಿದ್ರು, ಆಮೇಲೇ ಕಂಪನಿಗಳು ಕ್ಯಾಟ್ ಫುಡ್‌ಗೆ ಟಾರೀನ್ ಜಾಸ್ತಿ ಹಾಕೋಕೆ ಶುರು ಮಾಡಿದ್ದು. ಹೃದಯ ಬೇಗ ಗೊತ್ತಾದ್ರೆ ಸರಿಹೋಗತ್ತೆ. ಕಣ್ಣಲ್ಲಿ ಹೋಗಿದ್ದು ವಾಪಸ್ ಬರಲ್ಲ, ಉಳಿದಿದ್ದನ್ನ ಉಳಿಸ್ಕೋಬಹುದು.

ಒಬ್ಬ ಸದಸ್ಯರು:
ಮೊಟ್ಟೆ ಹಾಕಿದ್ರೆ ಸಾಕಲ್ವಾ ಸರ್? ಇಲ್ಲ ನಾಯಿ ಫುಡ್? ನಮ್ಮನೇಲಿ ಅದೇ ತಿನ್ನತ್ತೆ.

ಡಾಕ್ಟರ್:
ಮೊಟ್ಟೆ ಸಾಕಾಗಲ್ಲ. ನಾಯಿ ಫುಡ್ ಅಂತೂ ಬೇಡ, ಮೇಲೆ ಹೇಳಿದ್ನಲ್ಲ, ನಾಯಿಗೆ ಟಾರೀನ್ ಹಾಕ್ಲೇಬೇಕು ಅಂತಿಲ್ಲ, ಹಾಗಾಗಿ ಅದನ್ನ ನಂಬ್ಕೊಂಡು ಬೆಕ್ಕು ಸಾಕೋಹಾಗಿಲ್ಲ. ಚಿಕನ್ ಬೇಯಿಸಿ ನೀರು ಚೆಲ್ಲೋರಿಗೂ ಒಂದು ಮಾತು, ಟಾರೀನ್ ಬಹಳಷ್ಟು ಆ ನೀರಿಗೇ ಇಳಿದಿರತ್ತೆ.

ಇನ್ನೊಬ್ಬ ಸದಸ್ಯರು:
ಇಷ್ಟೆಲ್ಲ ರಗಳೆ ಯಾಕೆ, ನಾನ್‌ವೆಜ್ ತಿನ್ನೋರ ಮನೆಗೆ ಕೊಟ್ಬಿಡಿ. ಅತ್ತೆಗೆ ಟೀವಿ ಇದೆಯಲ್ಲ.

ಡಾಕ್ಟರ್:
ಟೀವಿ ಮ್ಯಾಂವ್ ಅನ್ನಲ್ಲ ಸರ್.

ಪ್ರಶ್ನೆ ಕೇಳಿದವರು:
ಕೊಡೋ ಮಾತೇ ಇಲ್ಲ. ಆದ್ರೆ ಅತ್ತೆ ಅಡುಗೆಮನೆಗೆ ಮೀನು ಮಾಂಸ ಬರೋದಕ್ಕೆ ಒಪ್ಪಲ್ಲ ಸರ್, ನಾನು ಅವರಿಗೆ ಗೊತ್ತಿಲ್ದೆ ರಾತ್ರಿ ಹಾಕ್ಲಾ?

ಡಾಕ್ಟರ್:
ಕದ್ದು ಹಾಕ್ಬೇಡಿ. ಒಂದು, ಅವರಿಗೆ ಗೊತ್ತಾಗೇ ಆಗತ್ತೆ, ವಾಸನೆ ಬರತ್ತೆ. ಎರಡ್ನೇದು, ಅವರ ದಿನ ನಡೀತಿರೋದೇ ಅದಕ್ಕೆ ಊಟ ಹಾಕೋ ಹೊತ್ತಿನ ಮೇಲೆ, ಅದನ್ನ ಕಿತ್ಕೋಬೇಡಿ. ಕೂರಿಸ್ಕೊಂಡು ಇದ್ದ ಹಾಗೆ ಹೇಳಿ, ಬೆಳ್ಳಿಗೆ ಕಣ್ಣು ಕಾಣ್ತಿಲ್ಲ ಅಂತ. ಬೇಯಿಸೋದೇನೂ ಬೇಡ, ಬೆಕ್ಕಿಗೇ ಅಂತ ಬರೋ ಒಣ ಕಾಳು ಸಾಕು, ಪ್ಯಾಕೆಟ್ ಹಿಂದೆ ಟಾರೀನ್ ಅಂತ ಬರೆದಿರ್ಬೇಕು, ಡಬ್ಬ ಯುಟಿಲಿಟೀಲಿ ಇರ್ಲಿ. ಒಂದೇ ದಿನ ಬದಲಾಯಿಸ್ಬೇಡಿ, ವಾರ ಹತ್ತು ದಿನ ಬೆರೆಸ್ತಾ ಬನ್ನಿ. ಹಸಿದ್ರೆ ತಾನೇ ತಿನ್ನತ್ತೆ ಅಂತ ಉಪವಾಸ ಕೆಡವೋದು ದೊಡ್ಡ ತಪ್ಪು, ಬೆಕ್ಕು ಎರಡು ಮೂರು ದಿನ ತಿನ್ನದೇ ಇದ್ರೆ ಲಿವರ್‌ಗೆ ಕೊಬ್ಬು ತುಂಬ್ಕೊಂಡು ಜೀವಕ್ಕೇ ಬರತ್ತೆ. ಟಾರೀನ್ ಮಾತ್ರೆ ಡೋಸ್ ನೋಡಿದ ಡಾಕ್ಟ್ರೇ ಬರ್ಕೊಡ್ಲಿ.

ಪ್ರಶ್ನೆ ಕೇಳಿದವರು (12 ದಿನ ಆದ್ಮೇಲೆ):
ಸರ್ ಅಪ್‌ಡೇಟ್. ಬಿಪಿ ಕಿಡ್ನಿ ನಾರ್ಮಲ್, ಹೃದಯ ಚೆನ್ನಾಗಿದೆ. ಕಣ್ಣಿನ ಪರದೆ ಎರಡೂ ಕಡೆ ಸವೆದಿದೆಯಂತೆ, ಸ್ವಲ್ಪ ಸ್ವಲ್ಪ ಕಾಣತ್ತಂತೆ. ಅತ್ತೆ ಅವತ್ತು ರಾತ್ರಿ ಊಟ ಮಾಡ್ಲಿಲ್ಲ. ಬೆಳಿಗ್ಗೆ ಎದ್ದು ಅವರೇ ಅಂದ್ರು, "ಊರಲ್ಲಿ ಅದು ಇಲಿ ಕಚ್ಕೊಂಡು ಜಗಲಿಗೇ ಬರ್ತಿತ್ತು, ಆಗಿಲ್ದಿದ್ದ ಮೈಲಿಗೆ ಈಗ್ಯಾಕೆ, ತಗಂಬಾ" ಅಂತ. ಈಗ ಯುಟಿಲಿಟೀಲಿ ಸ್ಟೂಲ್ ಹಾಕ್ಕೊಂಡು ಕೂತು ಒಂದೊಂದೇ ಕಾಳು ಕೈಯಲ್ಲಿ ಹಿಡಿದು ತಿನ್ನಿಸ್ತಾರೆ, ಆಮೇಲೆ ಸೋಪು ಹಾಕಿ ಮೊಣಕೈವರೆಗೂ ಕೈ ತೊಳ್ಕೊತಾರೆ. ಒಂದೇ ಕೇಳ್ತಿದಾರೆ, ಮೊಸರು ಪೂರ್ತಿ ಬಿಡಿಸ್ಬೇಕಾ ಅಂತ.

ಡಾಕ್ಟರ್:
ಹೊಟ್ಟೆ ಕೆಡದಿದ್ರೆ ದಿನಕ್ಕೊಂದು ಚಮಚ ಇರ್ಲಿ ಅಂತ ಹೇಳಿ, ಅನ್ನ ಬೇಡ. ಸೋಫಾ ಕುರ್ಚಿ ಜಾಗ ಬದಲಾಯಿಸ್ಬೇಡಿ, ನೀರಿನ ಬಟ್ಟಲು, ಮಣ್ಣಿನ ಟ್ರೇ ಇದ್ದಲ್ಲೇ ಇರ್ಲಿ, ಅದು ಮೀಸೆ ಮತ್ತೆ ನೆನಪಿನ ಮೇಲೆ ಆರಾಮಾಗಿ ಓಡಾಡತ್ತೆ. ಮಲಗಿದ್ದಾಗ ಸುಮ್ನೆ ಮುಟ್ಟಬೇಡಿ, ಮಗನಿಗೂ ಹೇಳಿ, ಮೊದ್ಲು ಹೆಸರು ಕರೀಬೇಕು, ಇಲ್ಲಾಂದ್ರೆ ಬೆಚ್ಚಿ ಪರಚತ್ತೆ. ಎಷ್ಟನೇ ಫ್ಲೋರು ನಿಮ್ದು? ಬಾಲ್ಕನಿಗೆ ನೆಟ್ ಇದ್ಯಾ?

ಪ್ರಶ್ನೆ ಕೇಳಿದವರು:
ನಾಲ್ಕನೇದು ಸರ್. ಇಲ್ಲ, ಇವತ್ತೇ ಫೋನ್ ಮಾಡ್ತೀನಿ. ಅಲ್ಲೀವರೆಗೂ ಬಾಲ್ಕನಿ ಬಾಗಿಲ ಚಿಲಕ ಅತ್ತೆ ಸುಪರ್ದಿ.