ಕನೆಕ್ಟೆಡ್ ಸರ್ವಿಸ್ ರಿನ್ಯೂ ಮಾಡ್ಸ್ಬೇಕಾ, ಇಲ್ಲಾ ಫೋನ್ ಮ್ಯಾಪಲ್ಲೇ ಓಡ್ಸದಾ?

ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಎಲ್ರಿಗೂ ನಮಸ್ಕಾರ. ಮೂರು ವರ್ಷದ ಹಿಂದೆ ಟಾಪ್ ಮಾಡೆಲ್ಲೇ ಬೇಕು ಅಂತ ಹಠ ಹಿಡ್ದು ಕಾರ್ ತಗೊಂಡೆ, ಕಂಪ್ನಿ ಹೆಸ್ರು ಬೇಡ ಬಿಡಿ, ಹೇಳಿದ್ರೆ ಇಲ್ಲಿ ಅದೇ ಜಗಳ ಶುರುವಾಗುತ್ತೆ. ಸ್ಕ್ರೀನೊಳಗೇ ನ್ಯಾವಿಗೇಶನ್ ಐತೆ, ಇಂಟರ್ನೆಟ್ಟಿಗೆ ಅಂತ ಒಳಗೇ ಒಂದು ಇ-ಸಿಮ್ ಐತೆ, ಮೊಬೈಲ್ ಆ್ಯಪಲ್ಲಿ ಕಾರ್ ಎಲ್ಲೈತೆ, ಡೋರ್ ಲಾಕ್ ಆಗಿದ್ಯಾ, ಟೈರಲ್ಲಿ ಗಾಳಿ ಎಷ್ಟೈತೆ ಎಲ್ಲಾ ಕಾಣುತ್ತೆ. ಇದಕ್ಕೇ ಕನೆಕ್ಟೆಡ್ ಸರ್ವಿಸ್ ಅಂತಾರೆ, ಇಷ್ಟು ದಿನ ಫ್ರೀ ಇತ್ತು, ಈಗ ರಿನ್ಯೂ ಮಾಡಿ ಅಂತ ದಿನಾ ಮೆಸೇಜು. ವರ್ಷಕ್ಕೆ ಅವ್ರು ಕೇಳೋ ದುಡ್ಡಲ್ಲಿ ಒಂದ್ಸಲ ಟ್ಯಾಂಕ್ ತುಂಬಿಸ್ಬೋದು.

ನನ್ ಓಡಾಟ ಏನಪ್ಪಾ ಅಂದ್ರೆ ವಾರಕ್ಕೆರಡು ಸಲ ಕೊರಟಗೆರೆ, ಮಧುಗಿರಿ ಮೇಲೆ ಪಾವಗಡ, ತಿಂಗ್ಳಿಗೆ ಒಂದೆರಡು ಸಲ ಬೆಂಗ್ಳೂರು. ಹೋದ ತಿಂಗ್ಳು ಮಿಡಿಗೇಶಿ ಕಡೆ ಒಂದು ಮದುವೆಗೆ ಹೋಗ್ವಾಗ ಕಾರಿನ ಮ್ಯಾಪು ಬಲಕ್ಕೆ ತಿರುಗು ಅಂತು, ತಿರುಗ್ದೆ, ಕೆರೆ ಏರಿ ಮೇಲೆ ಅರ್ಧ ಕಿಲೋಮೀಟರ್ ಹೋದ್ಮೇಲೆ ನೋಡಿದ್ರೆ ಮುಂದೆ ಬರೀ ಶೇಂಗಾ ಹೊಲ, ತಿರುಗ್ಸಕ್ಕೂ ಜಾಗ ಇಲ್ಲ, ಒಂದ್ಕಡೆ ನೀರು ಇನ್ನೊಂದ್ಕಡೆ ಜಾಲಿ, ಅಷ್ಟುದ್ದನೂ ರಿವರ್ಸಲ್ಲೇ ಬಂದೆ, ಹಿಂದಿನ ಸೀಟಲ್ಲಿ ನಮ್ಮತ್ತೆ ಮನೆದೇವ್ರನ್ನ ಕರೀತಾ ಕೂತಿದ್ರು. ಅಲ್ಲೇ ಕುರಿ ಕಾಯ್ತಿದ್ದ ಅಜ್ಜ ಒಬ್ರು 'ಮೊನ್ನೆನೂ ಒಂದು ಕಾರು ಹಿಂಗೇ ಬಂದಿತ್ತು ಕಣಪ್ಪಾ' ಅಂದ್ರು. ಇಂಥಾ ಮ್ಯಾಪಿಗೆ ಇನ್ನೂ ದುಡ್ಡು ಕಟ್ಬೇಕಾ?

ತಿಪಟೂರು_ಕೊಬ್ರಿ:

ಅಣ್ಣಾ, ನೀವು ಮೂರು ಬೇರೆ ಬೇರೆ ಸಾಮಾನನ್ನ ಒಂದೇ ಚೀಲಕ್ಕೆ ಹಾಕಿದ್ದೀರಾ. ಕಾರು ಎಲ್ಲೈತೆ ಅನ್ನೋದು ಉಪಗ್ರಹದಿಂದ ಬರೋದು, ಅದಕ್ಕೆ ಸಿಮ್ಮೂ ಬೇಡ ದುಡ್ಡೂ ಬೇಡ. ಆ ಜಾಗದಲ್ಲಿ ರಸ್ತೆ ಐತಾ ಇಲ್ವಾ ಅನ್ನೋದು ಕಾರೊಳಗೆ ತುಂಬಿರೋ ಮ್ಯಾಪು, ಅದನ್ನ ಅಪ್‌ಡೇಟ್ ಮಾಡಿಲ್ಲ ಅಂದ್ರೆ ಕಾರ್ ತಗೊಂಡಾಗ ಏನಿತ್ತೋ ಅದೇ. ಈ ಇ-ಸಿಮ್ಮು, ಆ್ಯಪು ಮೂರನೇದು. ಲೈವ್ ಟ್ರಾಫಿಕ್ಕು, ಗಾಡಿ ಎಲ್ಲೈತೆ, ಎಸ್ಓಎಸ್ಸು (ಅಪಾಯ ಆದ್ರೆ ಸಹಾಯಕ್ಕೆ ಕರೆಯೋ ಬಟನ್ನು) ಇವೆಲ್ಲ ಅದ್ರ ಮೇಲೆ ನಡಿಯೋದು. ನಿಮ್ಮನ್ನ ಹೊಲಕ್ಕೆ ಕರ್ಕೊಂಡೋಗಿದ್ದು ಎರಡನೇದು, ದುಡ್ಡು ಕೇಳ್ತಿರೋದು ಮೂರನೇದಕ್ಕೆ. ರಿನ್ಯೂ ಮಾಡ್ಲಿಲ್ಲ ಅಂದ್ರೆ ಮ್ಯಾಪೂ ನಿಲ್ಲುತ್ತಾ, ಇಲ್ಲಾ ಟ್ರಾಫಿಕ್ ಒಂದೇ ಹೋಗುತ್ತಾ ಅಂತ ಶೋರೂಮಲ್ಲಿ ಕೇಳಿ, ಬಾಯ್ಮಾತಲ್ಲಿ ಬೇಡ, ಬರ್ಸ್ಕೊಳಿ.

ದಿನದ ದಾರಿಗೆ ಆ್ಯಂಡ್ರಾಯ್ಡ್ ಆಟೋ ಸಾಕು, ಫೋನಿನ ಮ್ಯಾಪನ್ನೇ ಕಾರಿನ ಸ್ಕ್ರೀನಲ್ಲಿ ತೋರ್ಸುತ್ತೆ, ಅದು ನಿಮ್ ಫೋನಿನ ಡೇಟಾದಲ್ಲೇ ಓಡೋದು, ಕಾರ್ ಕಂಪ್ನಿಗೆ ಏನೂ ಕೊಡ್ಬೇಕಾಗಿಲ್ಲ. ಆದ್ರೆ ಪಾವಗಡ ದಾರಿಗೆ ಮನೆ ವೈಫೈಲೇ ಗೂಗಲ್ ಮ್ಯಾಪ್ ಆಫ್‌ಲೈನ್ ಡೌನ್‌ಲೋಡ್ ಮಾಡ್ಕೊಂಡು ಹೊರಡಿ. ಅದ್ರಲ್ಲೂ ಒಂದು ಎಡವಟ್ಟೈತೆ. ಪಾವಗಡ ಹೆಸ್ರಿಗೆ ತುಮಕೂರು ಜಿಲ್ಲೆ, ಸುತ್ತ ಎಲ್ಲಾ ಆಂಧ್ರ, ಮಧುಗಿರಿ ಬಿಟ್ಟು ಪಾವಗಡ ಸೇರೋದ್ರೊಳಗೆ ಮಧ್ಯ ಆಂಧ್ರದ ನೆಲ ಬಂದು ಹೋಗುತ್ತೆ. ಸೆಲೆಕ್ಟ್ ಮಾಡೋ ಚೌಕನ ಮಡಕಶಿರಾ ಕಡೆಗೂ ಎಳೀರಿ, ಇಲ್ಲಾಂದ್ರೆ ನೆಟ್‌ವರ್ಕ್ ಹೋದಾಗ ನಡು ದಾರೀಲಿ ಸ್ಕ್ರೀನ್ ಬೂದಿ ಬಣ್ಣಕ್ಕೆ ತಿರುಗುತ್ತೆ. ಆಫ್‌ಲೈನಲ್ಲಿ ಟ್ರಾಫಿಕ್ ತೋರ್ಸಲ್ಲ, ಮಿಡಿಗೇಶೀಲಿ ಟ್ರಾಫಿಕ್ ತಗೊಂಡು ಏನ್ಮಾಡ್ತೀರಾ ಬಿಡಿ.

ಡೈಲಿ_ಪೀಣ್ಯ:

ಎಲ್ರೂ ಒಳಗಿನ ನ್ಯಾವಿಗೇಶನ್ನಿಗೆ ಬೈಯೋದೇ ಆಯ್ತು, ನಾನೊಬ್ಬ ಅದ್ರ ಪರ. ದಿನಾ ತುಮಕೂರಿಂದ ಪೀಣ್ಯಕ್ಕೆ ಹೋಗಿ ಬರ್ತೀನಿ. ನೆಲಮಂಗಲ ದಾಟಿ ಎಲಿವೇಟೆಡ್ ರೋಡ್ ಶುರುವಾಗೋ ಕಡೆ ಫೋನಿಗೆ ನಾವು ಮೇಲಿದ್ದೀವಾ ಕೆಳಗಿದ್ದೀವಾ ಗೊತ್ತೇ ಆಗ್ತಿರ್ಲಿಲ್ಲ, ಕೆಳಗಡೆ ಸರ್ವಿಸ್ ರೋಡಲ್ಲಿ ಲಾರಿ ಹಿಂದೆ ನಿಂತಿದ್ರೆ ಫೋನು '8 ಕಿಲೋಮೀಟರ್ ನೇರ ಹೋಗಿ' ಅನ್ನೋದು. 2024ರ ಜುಲೈಲಿ ಗೂಗಲ್‌ನವ್ರು 40 ಊರುಗಳಿಗೆ ಫ್ಲೈಓವರ್ ಹತ್ತಬೇಕಾ ಬೇಡ್ವಾ ಅಂತ ಮುಂಚೇನೇ ಹೇಳೋದು ತಂದ್ರು, ಈಗ ಪರ್ವಾಗಿಲ್ಲ. ಅದ್ರ ಜೊತೇಲೇ ಕಾರಿನವ್ರಿಗೆ ಇಕ್ಕಟ್ಟು ರಸ್ತೆ ತಪ್ಪಿಸೋದನ್ನೂ ತಂದ್ರು, ಅದು ಮಾತ್ರ ಬೆಂಗ್ಳೂರೂ ಸೇರಿ ಬರೀ 8 ಊರಿಗೆ. ನಿಮ್ ಕೆರೆ ಏರಿ ಆ ಲಿಸ್ಟಲ್ಲಿಲ್ಲ ಗುರೂ.

ಒಳ್ಳೆ ಬಿಲ್ಟ್-ಇನ್ ಸಿಸ್ಟಮ್ ಆದ್ರೆ ಆಂಟೆನಾ ರೂಫ್ ಮೇಲೆ ಇರುತ್ತೆ, ಸಿಗ್ನಲ್ ಹೋದ್ರೂ ಚಕ್ರ ಎಷ್ಟು ಸುತ್ತು ಸುತ್ತು, ಗಾಡಿ ಯಾವ ಕಡೆ ತಿರುಗ್ತು ಅಂತ ಲೆಕ್ಕ ಹಾಕಿ ಜಾಗ ಹಿಡ್ಕೊಂಡಿರುತ್ತೆ. ಫ್ಲೈಓವರ್ ಕೆಳಗೆ ಫೋನಿನ ಚುಕ್ಕಿ ಕಪ್ಪೆ ಥರ ಆ ಕಡೆ ಈ ಕಡೆ ಹಾರ್ತಾ ಇರುತ್ತೆ, ಕಾರಿಂದು ಅಲ್ಲಾಡಲ್ಲ. ನಮ್ ದೇಶದ ಎಷ್ಟೋ ಕಾರಲ್ಲಿ ಒಳಗಿರೋ ಮ್ಯಾಪು ಮ್ಯಾಪ್‌ಮೈಇಂಡಿಯಾ ಅನ್ನೋ ಕಂಪ್ನೀದೇ, ಅವ್ರದ್ದೇ ಮ್ಯಾಪಲ್ಸ್ ಆ್ಯಪ್ ಫೋನಿಗೆ ಫ್ರೀ ಸಿಗುತ್ತೆ, ಜಂಕ್ಷನ್ ಬಂದ್ರೆ ಯಾವ ಲೇನು ಅಂತ ಚಿತ್ರ ಬಿಡ್ಸಿ ತೋರ್ಸುತ್ತೆ. ಇನ್ನೊಂದು, ಏಪ್ರಿಲ್ ಬಿಸ್ಲಲ್ಲಿ ಶಿರಾ ದಾಟಿ ಹೋಗಿ ನೋಡಿ, ಡ್ಯಾಶ್‌ಬೋರ್ಡ್ ಮೇಲೆ ಚಾರ್ಜಿಗೆ ಹಾಕಿರೋ ಫೋನು ದೋಸೆ ಕಾವಲಿ ಆಗಿ ತಾನೇ ಆಫಾಗುತ್ತೆ. ಕಾರಿನ ಸ್ಕ್ರೀನು ಹಂಗೆ ಕೈ ಕೊಟ್ಟಿದ್ದು ನಾನಂತೂ ಕಂಡಿಲ್ಲ.

ಹಳದಿ_ಬೋರ್ಡ್:

ನಮ್ದು ಟಿಟಿ, ಟೆಂಪೋ ಟ್ರಾವೆಲರ್ ಸಾರ್, ಟ್ರಿಪ್ ಹೊಡೀತೀವಿ. ನಮ್ಗೆ ಟ್ರ್ಯಾಕಿಂಗ್ ಡಿವೈಸು, ಪ್ಯಾನಿಕ್ ಬಟನ್ನು ಕಡ್ಡಾಯ, ಆ ಸ್ಟ್ಯಾಂಡರ್ಡಿಗೆ ಎಐಎಸ್ 140 ಅಂತಾರೆ, ಬೇಕೋ ಬೇಡ್ವೋ ಕೇಳೋರೇ ಇಲ್ಲ. ನಿಮ್ಗೆ ಆಯ್ಕೆ ಐತೆ ಅಂತ ಖುಷಿ ಪಡಿ. ಯುರೋಪಲ್ಲಿ 2018ರಿಂದ ಹೊಸ ಕಾರ್ ಮಾಡೆಲ್‌ಗಳಿಗೆ ಇ-ಕಾಲ್ ಕಂಪಲ್ಸರಿ, ದೊಡ್ಡ ಆ್ಯಕ್ಸಿಡೆಂಟ್ ಆದ್ರೆ ಕಾರೇ 112ಕ್ಕೆ ಫೋನ್ ಮಾಡುತ್ತೆ, ಅದಕ್ಕೆ ಬಾಡಿಗೆ ಕಟ್ಟಂಗಿಲ್ಲ. ನಿಮ್ ಎಸ್ಓಎಸ್ ಬಟನ್ ರಿನ್ಯೂ ನಿಂತ್ಮೇಲೆ ಕೆಲ್ಸ ಮಾಡುತ್ತಾ ನೋಡ್ಕೊಳಿ. ರಾತ್ರಿ ಒಬ್ರೇ ಪಾವಗಡ ರೂಟಲ್ಲಿ ಓಡಾಡೋರು ನೀವು, ನಾನಾಗಿದ್ರೆ ಮ್ಯಾಪಿಗೆ ಅಲ್ಲ, ಇದೊಂದಕ್ಕೆ ಕಟ್ತಿದ್ದೆ.

ಸೆಕೆಂಡ್‌ಹ್ಯಾಂಡ್_ಸೀನಣ್ಣ:

ರಿನ್ಯೂ ಮಾಡಿ ಬಿಡಿ, ಮಾರೋವಾಗ ಮಾತ್ರ ಆ್ಯಪಲ್ಲಿರೋ ನಿಮ್ ಅಕೌಂಟ್ ಡಿಲೀಟ್ ಮಾಡಿ. ನಾನು ಹಳೇ ಕಾರ್ ತಗೊಂಡು ಎರಡು ತಿಂಗ್ಳಾದ್ಮೇಲೆ ಹಳೇ ಓನರ್ರು ಫೋನ್ ಮಾಡಿ 'ಅಣ್ಣಾ ನಿಮ್ ಕಾರು ಗುಬ್ಬೀಲಿ ನಿಂತೈತಲ್ಲಾ, ಹಿಂದಿನ ಟೈರಲ್ಲಿ ಗಾಳಿ ಕಮ್ಮಿ ಐತೆ ನೋಡ್ಕೊಳಿ' ಅಂದ್ರು. ಒಳ್ಳೇ ಮನುಷ್ಯ, ಸರಿಹೋಯ್ತು. ಡೋರ್ ಅನ್‌ಲಾಕ್ ಬಟನ್ನೂ ಅವ್ರ ಫೋನಲ್ಲೇ ಇತ್ತು ಸ್ವಾಮಿ! ಹೆಸ್ರು ಬದಲಾಯ್ಸೋಕೆ ಶೋರೂಮಿಗೆ ನಾಲ್ಕು ಸಲ ಅಲೆದೆ, ಆರ್‌ಸಿ ಕಾರ್ಡ್ ಜೆರಾಕ್ಸು ಕೊಟ್ಟಿದ್ದೇ ಕೊಟ್ಟಿದ್ದು.

ಇನ್ನೊಂದು ಮಾತು, ಐದಾರು ವರ್ಷಕ್ಕೆ ಒಟ್ಟಿಗೆ ಕಟ್ಬೇಡಿ. ಅಮೆರಿಕದಲ್ಲಿ 2022ರಲ್ಲಿ 3ಜಿ ನೆಟ್‌ವರ್ಕ್ ಬಂದ್ ಮಾಡಿದಾಗ ಎಷ್ಟೋ ಕಾರುಗಳ ಕನೆಕ್ಟೆಡ್ ಸರ್ವಿಸೇ ಸತ್ತೋಯ್ತು. ಫೋನಾದ್ರೆ ಬದಲಾಯ್ಸ್ತೀವಿ, ಕಾರೊಳಗಿನ ಮೋಡೆಮ್ ಯಾರು ಬದಲಾಯ್ಸ್ತಾರೆ.

ಗೊಲ್ರಟ್ಟಿ_ಗುರು:

ಯಾವ ಮ್ಯಾಪೂ ಬೇಡ. ನಮ್ ಜಿಲ್ಲೇಲಿ ಗೊಲ್ಲರಹಟ್ಟಿ ಅಂತ ಟೈಪ್ ಮಾಡಿ ನೋಡಿ, ಎಷ್ಟು ಬರುತ್ತೆ ಅಂತ. ಹೊಸಹಳ್ಳಿ ಹಾಕಿದ್ರೂ ಅದೇ ಪಾಡು. ಮದುವೆ ಮನೆಯವ್ರಿಗೆ ಹೇಳಿ ವಾಟ್ಸಾಪಲ್ಲಿ ಲೊಕೇಶನ್ ಹಾಕ್ಸ್ಕೊಳಿ, ಆಮೇಲೂ ಅರಳಿಕಟ್ಟೆ ಹತ್ರ ಗ್ಲಾಸ್ ಇಳ್ಸಿ ಕೇಳಿ.

ಕ್ಯಾತ್ಸಂದ್ರ_ತಟ್ಟೆಇಡ್ಲಿ:

ಎಲ್ರಿಗೂ ಥ್ಯಾಂಕ್ಸ್. ಶೋರೂಮಿಗೆ ಹೋಗಿದ್ದೆ. ಮೊದ್ಲು 'ಎಲ್ಲಾ ನಿಲ್ಲುತ್ತೆ ಸಾರ್' ಅಂತ ಹೆದರ್ಸಿದ್ರು, ಬರ್ದು ಕೊಡಿ ಅಂದ ತಕ್ಷಣ ಮ್ಯಾಪು ಓಡುತ್ತೆ, ಟ್ರಾಫಿಕ್ಕು, ಆ್ಯಪು, ಎಸ್ಓಎಸ್ಸು ಮಾತ್ರ ಹೋಗುತ್ತೆ ಅಂದ್ರು. ಒಂದೇ ವರ್ಷಕ್ಕೆ ಕಟ್ಟಿದೀನಿ, ಎಸ್ಓಎಸ್ ಸಲುವಾಗಿ. ನಿಜ ಹೇಳ್ಬೇಕಂದ್ರೆ ಹೋದ ಶಿವರಾತ್ರೀಲಿ ಸಿದ್ಧಗಂಗೆ ಜಾತ್ರೆ ಪಾರ್ಕಿಂಗಲ್ಲಿ ಕಾರ್ ಎಲ್ಲಿ ನಿಲ್ಸಿದ್ದೆ ಅಂತ ಮರ್ತು ಆ್ಯಪಿಂದ ಹಾರ್ನ್ ಹೊಡ್ಸಿ ಹುಡುಕಿದ್ದು ನೆನಪಾಯ್ತು, ಆ ಋಣನೂ ಐತೆ. ಪಾವಗಡ ಆಫ್‌ಲೈನ್ ಹಾಕ್ಕೊಂಡೆ, ಮಡಕಶಿರಾನೂ ಸೇರ್ಸಿ.

ಭಾನುವಾರ ಆ ಮದುವೆ ಊರಲ್ಲೇ ಗೃಹಪ್ರವೇಶ. ನಮ್ಮತ್ತೆ ಬಸ್ಸಲ್ಲಿ ಬರ್ತೀನಿ ಅಂದವ್ರೆ.